ನಾನು ಓದಿದ ನಂಬರು

ಅವರ ಎಡಗೈ ಹೆಬ್ಬೆರಳಿನ ಉಗುರು ಕನ್ನಡಿಯ ಚೂರಿನ ಹಾಗೆ ಹೊಳೆಯುತ್ತಿತ್ತು. ಉಳಿದ ಒಂಬತ್ತು ಉಗುರುಗಳ ಸಂದಿಯಲ್ಲಿ ಎಣ್ಣೆ, ಮಸಿ, ಕಬ್ಬಿಣದ ಪುಡಿ. ಇದೊಂದನ್ನು ಮಾತ್ರ ದಿನಾ ಬೆಳಿಗ್ಗೆ ನಯವಾದ ಅರದಿಂದ ತೀಡಿ, ಚರ್ಮದ ತುಂಡಿನಿಂದ ಉಜ್ಜುತ್ತಿದ್ದರು. ಬಂದೂಕನ್ನು ಬಿಚ್ಚಿ, ನಳಿಗೆಯ ಹಿಂಬದಿಗೆ ಆ ಉಗುರು ಹಿಡಿದು, ಅದರಿಂದ ಬಿಸಿಲನ್ನು ಒಳಗೆ ಹಾಯಿಸಿ, ಇನ್ನೊಂದು ತುದಿಯಿಂದ ಕಣ್ಣಿಟ್ಟು ನೋಡುವುದು ಅವರ ಪದ್ಧತಿ. "ಬ್ಯಾಟರಿ ಬೆಳಕ ಇದ್ದದ್ದಕ್ಕಿಂತ ಚೆಂದ ತೋರಸ್ತದ, ತಮ್ಮಾ. ಉಗುರ ಹಂಗ ಮಾಡಂಗಿಲ್ಲ," ಎನ್ನುತ್ತಿದ್ದರು.

ಕೊಲ್ಹಾಪುರದಲ್ಲಿ ಅವರು ಎಲ್ಲರಿಗೂ ಮಿಸ್ತ್ರಿ. ಸಂಸ್ಥಾನದ ಕಾಲದಲ್ಲಿ ಶಿಕಾರಖಾನೆಯ ಬಂದೂಕುಗಳ ನಡುವೆ, ತಂದೆಯ ಕೈಕೆಳಗೆ ಕೆಲಸ ಕಲಿತವರು. ಎಪ್ಪತ್ತರ ದಶಕದಲ್ಲಿ ಶಿಕಾರಿಯೇ ನಿಂತುಹೋದ ಮೇಲೆ, ಬೆಳೆ ಕಾಯುವುದಕ್ಕೆ ಲೈಸೆನ್ಸು ಪಡೆದ ನಮ್ಮಂಥ ರೈತರೇ ಅವರ ಗಿರಾಕಿಗಳು. ತಾಯಿಯ ತವರು ಗಡಹಿಂಗ್ಲಜವಾದ್ದರಿಂದ ನಮ್ಮೊಡನೆ ಕನ್ನಡದಲ್ಲೇ ಮಾತು. ಆದರೆ ಅಳತೆ, ಎಣಿಕೆ, ನಂಬರು ಏನೇ ಬರಲಿ, ನಾಲಿಗೆ ಮರಾಠಿಗೆ ಹೊರಳುತ್ತಿತ್ತು. ನನ್ನದು ತಿರುಗಾ ಮುರುಗಾ. ಮರಾಠಿ ಮಾತು ಸರಾಗ ಬರುತ್ತಿತ್ತು, ಕಲಿತದ್ದು ಕನ್ನಡ ಶಾಲೆಯಾದ್ದರಿಂದ ಲೆಕ್ಕ ಮಾತ್ರ ಕನ್ನಡದಲ್ಲೇ.

ಮಹಾಗಾಂವದ ನಮ್ಮ ಶೇಂಗಾ ಹೊಲಕ್ಕೆ ಹಂದಿಗಳ ಹಾವಳಿ ವಿಪರೀತವಾದಾಗ ಅಣ್ಣ ರೈಫಲ್ಲಿನ ಲೈಸೆನ್ಸು ಮಾಡಿಸಿದ. ಇಚಲಕರಂಜಿಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಮಿಲಿಟರಿಯ ಹಳೆಯ ಬೋಲ್ಟು ರೈಫಲ್ಲುಗಳು ಬಂದಿವೆ ಎಂದು ತಿಳಿಯಿತು. ಸೈನ್ಯದ ಗುಂಡು ರೈತರಿಗೆ ಸಿಗುವುದಿಲ್ಲ. ಅಂಥದ್ದೊಂದನ್ನು ಆರಿಸಿ, ಸಿಗುವ ಗುಂಡಿಗೆ ತಕ್ಕಂತೆ ನಳಿಗೆ ಬದಲಿಸಿ, ಭಾರದ ಕಟ್ಟಿಗೆಯ ಹಿಡಿ ತೆಗೆದು ಹಗುರದ್ದು ಹಾಕಿ, ಕಾಗದಪತ್ರ ಮಾಡಿಸಿ ಹೊಲದ ರೈಫಲ್ಲು ಮಾಡಬೇಕು. ಆರಿಸಲು ಮಿಸ್ತ್ರಿಯೇ ಬಂದರು. ಅಣ್ಣನಿಗೆ ಬಿಡುವಿಲ್ಲದೆ ಜೊತೆಗೆ ನಾನು ಹೋದೆ. ಆಗ ನನಗೆ ಇಪ್ಪತ್ತಮೂರು.

ವ್ಯಾಪಾರಿ ಆರು ರೈಫಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದಂತೂ ಮದುಮಗನ ಹಾಗಿತ್ತು, ಹೊಳೆಯುವ ಪಾಲಿಶು, ಹಿತ್ತಾಳೆಯ ಪಟ್ಟಿ. ನಾನು ಅದಕ್ಕೇ ಕೈ ಹಾಕಿದೆ. ಮಿಸ್ತ್ರಿ ಅದರ ಕಟ್ಟಿಗೆಯ ಅಂಚನ್ನು ಸ್ವಲ್ಪ ಎಬ್ಬಿಸಿ, ಒಳಗಿನ ಕಬ್ಬಿಣದ ಮೇಲೆ ಬೆರಳಾಡಿಸಿ ಪಕ್ಕಕ್ಕೆ ಸರಿಸಿದರು.

"ಮುಖಕ್ಕ ಪೌಡರ ಹಚ್ಯಾರ, ಮೈ ತುಂಬ ಸಿಡಬ ಐತಿ. ಕಟ್ಟಿಗಿ ನಾ ಹೊಸಾದು ಹಾಕತೇನಿ. ಕಬ್ಬಿಣ ಚಲೋ ಇರಬೇಕು."

ಕೊನೆಗೆ ಎಣ್ಣೆಜಿಡ್ಡು ಹತ್ತಿ ಕರ್ರಗಾದ, ಯಾರೂ ತಿರುಗಿ ನೋಡದಂಥ ಒಂದನ್ನು ಹಿಡಿದು ಬಹಳ ಹೊತ್ತು ತಡವಿದರು. ಇನ್ನು ಬೋಲ್ಟು ಬೇಕಿತ್ತು. ನಳಿಗೆಯ ಹಿಂಬಾಗಿಲಿಗೆ ಅಗಳಿಯಂತೆ ಕೂರುವ ಆ ತುಂಡನ್ನು ವ್ಯಾಪಾರಿ ಬಂದೂಕುಗಳಿಂದ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದ. ಪ್ರತಿ ಬೋಲ್ಟಿನ ಮೇಲೂ ಅದರ ಬಂದೂಕಿನದೇ ನಂಬರು ಇರುತ್ತದೆ. ಬೋಲ್ಟಿಗೆ ಹೊರಚಾಚಿದ ಎರಡು ಕಿವಿಗಳು. ಎರಡೂ ಬಂದೂಕಿನ ಒಡಲಿಗೆ ಸಮನಾಗಿ ಕಚ್ಚಿ ಕೂತರೆ ಮಾತ್ರ ಗುಂಡಿನ ಒದೆತ ತಡೆಯುತ್ತವೆ. ಹುಟ್ಟಿನಿಂದ ಜೊತೆಗಿದ್ದ ಜೋಡಿಯಲ್ಲಿ ಅವು ಒಂದಕ್ಕೊಂದು ಸವೆದು ಒಗ್ಗಿರುತ್ತವೆ.

"ನಂಬರ ಕೂಡಿದ್ರ ಗಂಡ ಹೆಂಡ್ತಿ. ಕೂಡದಿದ್ರ ಬಾಡಿಗಿ ಮಂದಿ," ಎಂದು ನಕ್ಕು, ರೈಫಲ್ಲನ್ನು ನನ್ನ ಕಡೆ ಚಾಚಿದರು. "ಚಾಳೀಸ ಮರತ ಬಂದೇನಿ. ನಂಬರ ಓದು, ತಮ್ಮಾ."

ಅವರು ಕನ್ನಡಕ ಮರೆತಿರಲಿಲ್ಲ. ಅದು ಅವರ ಅಂಗಿಯ ಜೇಬಿನಲ್ಲೇ ಕಾಣುತ್ತಿತ್ತು. ಹಾಕಿದರೂ ಅಷ್ಟು ಸಣ್ಣ ಅಂಕಿ ಅವರಿಗೆ ಕಾಣುವುದಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಪೆಟ್ಟಿಗೆಯ ಮುಂದೆ ಕೂತಿದ್ದ ಅಂಗಡಿಯ ಗುಮಾಸ್ತ ಬೆಳಿಗ್ಗೆಯಿಂದ ನನ್ನನ್ನು "ಕಾನಡಿ ಆಪ್ಪಾ" ಎಂದು ಛೇಡಿಸುತ್ತಿದ್ದ. ಈಗಲೂ, "ಮರಾಠೀತ್ ಸಾಂಗ್ ರೇ, ಕಾನಡಿ ಆಪ್ಪಾ. ಯೇತಂಯ್ ಕಾ?" ಎಂದ. ಮರಾಠಿಯಲ್ಲಿ ಹೇಳು, ಬರುತ್ತದೋ ಇಲ್ಲವೋ ಎಂಬ ಕುಹಕ. ನನಗೆ ಮೈಯೆಲ್ಲ ಉರಿಯಿತು. ಎಲ್ಲವೂ ಒಂದೇ ಸರಣಿಯ ಬಂದೂಕುಗಳು, ಮೊದಲ ಅಂಕಿಗಳು ಒಂದೇ ತೆರ. ಕೊನೆಯವೆರಡು ಎಂಟು, ಒಂಬತ್ತು. ಎಂಬತ್ತಕ್ಕೆ ಮರಾಠಿಯಲ್ಲಿ ಐಂಶಿ, ಕೊನೆಗೆ ಒಂಬತ್ತಿದ್ದರೆ ಮುಂದೆ ಏಕೋಣ. ಎಂಬತ್ತೊಂಬತ್ತು ಎಂದರೆ? ಎದೆಯುಬ್ಬಿಸಿ ಹೇಳಿದೆ, "ಏಕೋಣಐಂಶಿ."

ಮರಾಠಿ ಬಲ್ಲವರಿಗೆ ಇನ್ನು ಹೇಳಬೇಕಾಗಿಲ್ಲ. ಏಕೋಣಐಂಶಿ ಎಂದರೆ ಎಂಬತ್ತಕ್ಕೆ ಒಂದು ಕಡಿಮೆ, ಎಪ್ಪತ್ತೊಂಬತ್ತು. ನನ್ನ ಬಾಯಲ್ಲಿ ಬರಬೇಕಾಗಿದ್ದದ್ದು ಏಕೋಣನವ್ವದ, ತೊಂಬತ್ತಕ್ಕೆ ಒಂದು ಕಡಿಮೆ. ಗುಮಾಸ್ತ ಪೆಟ್ಟಿಗೆ ತಡಕಿ, "ಹಾ ಘ್ಯಾ, ಏಕೋಣಐಂಶಿ," ಎಂದು ಎಪ್ಪತ್ತೊಂಬತ್ತರ ಬೋಲ್ಟು ಕೊಟ್ಟ. ಮೂವರೂ ಒಂದೇ ಶಬ್ದ ಕೇಳಿದೆವು, ಮೂವರಿಗೂ ಸಮಾಧಾನವಾಯಿತು. ಬಂದೂಕು, ಬೋಲ್ಟು ಎರಡರ ಅಂಕಿ ಪಕ್ಕಪಕ್ಕ ಹಿಡಿದು ನೋಡಿದವರು ಯಾರೂ ಇಲ್ಲ.

ಮಿಸ್ತ್ರಿ ಎರಡು ತಿಂಗಳು ಕೂತು ರೈಫಲ್ಲು ಮಾಡಿದರು. ಹಿಂದೆಲ್ಲ ಅವರು ಬೋಲ್ಟಿನ ಕಿವಿಗಳಿಗೆ ದೀಪದ ಮಸಿ ಹಿಡಿಸಿ, ಕೂರಿಸಿ ತೆಗೆದು, ಮಸಿ ಎಲ್ಲಿ ಅಳಿಸಿದೆ ಎಂದು ನೋಡುತ್ತಿದ್ದರಂತೆ. ಆ ವರ್ಷ ಮಸಿ ಹಿಡಿಸಲಿಲ್ಲ. ಕಾಣದ ಮಸಿಗಿಂತ ಕೂಡಿದ ನಂಬರು ವಾಸಿ ಅನ್ನಿಸಿರಬೇಕು. ಹಳೆಯ ಟಯರಿಗೆ ಕಟ್ಟಿ, ದೂರದಿಂದ ಹಗ್ಗ ಎಳೆದು ನಾಲ್ಕು ಗುಂಡು ಹಾರಿಸಿದರು. ನಾಲ್ಕೂ ಸರಿಯಾಗಿಯೇ ಹೋದವು. ಅಣ್ಣ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಊರಿಗೆ ತಂದ.

ಮರುವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಂದು ಬೆಳಿಗ್ಗೆ ಅಣ್ಣ ಹಂದಿಗೆ ಗುಂಡು ಹಾರಿಸಿದ. ಭಾರವೆಲ್ಲ ಒಂದೇ ಕಿವಿಯ ಮೇಲೆ ಬೀಳುತ್ತಿದ್ದ ಬೋಲ್ಟು ಅಂದು ಮುರಿದು ಹಿಂದಕ್ಕೆ ಸಿಡಿಯಿತು. ನಾನು ಬದುವಿನ ಮೇಲಿದ್ದೆ. ಅವನು ಮುಖ ಹಿಡಿದುಕೊಂಡು ಬಳ್ಳಿಗಳ ನಡುವೆ ಕೂತುಬಿಟ್ಟಿದ್ದ. ಬೆರಳುಗಳ ಸಂದಿಯಿಂದ ಇಳಿಯುತ್ತಿದ್ದ ರಕ್ತದಲ್ಲಿ ರಕ್ತವಲ್ಲದ್ದೂ ಇತ್ತು. ಬಲಗಣ್ಣು ಹೋಯಿತು.

ಬಂದೂಕಿನ ನಂಬರಿಗೂ ಬೋಲ್ಟಿನ ನಂಬರಿಗೂ ಕೂಡುವುದಿಲ್ಲವೆಂದು ಪೊಲೀಸರು ಮಿಸ್ತ್ರಿಯನ್ನು ಗಡಹಿಂಗ್ಲಜಕ್ಕೆ ಕರೆಸಿದರು. ಜಬಾಬು ಬರೆಸುವ ಮೊದಲು ಠಾಣೆಯ ಕಟ್ಟೆಯ ಮೇಲೆ ಅವರೂ ನಾನೂ ಇಬ್ಬರೇ ಕೂತಿದ್ದೆವು.

"ಆವತ್ತು ಓದಿದ ನಂಬರ ಮತ್ತೊಮ್ಮೆ ಹೇಳು, ತಮ್ಮಾ. ಕನ್ನಡದಾಗ ಹೇಳು."

"ಎಂಬತ್ತೊಂಬತ್ತರಿ."

ಅವರು ನನ್ನ ಕಡೆ ತಿರುಗಿದರು. ಎರಡೂ ಕಣ್ಣುಗಳಲ್ಲಿ ಬೆಳ್ಳಗೆ ಪೊರೆ ಕಟ್ಟಿದ್ದು ಅಂದು ನನಗೆ ಮೊದಲ ಸಲ ಕಾಣಿಸಿತು. ನನಗೂ ಆಗಲೇ ಎಲ್ಲ ತಿಳಿದುಹೋಯಿತು.

"ನಾ ಒಳಗ ಹೋಗಿ ಹೇಳತೇನ್ರಿ, ಮಿಸ್ತ್ರಿ. ಅಣ್ಣಗೂ ಹೇಳತೇನಿ."

"ಹೇಳಿದ್ರ ಅವನ ಕಣ್ಣ ತಿರುಗಿ ಬರತದನು? ನಿನ್ನ ಹೊಟ್ಟಿ ಹಗುರ ಆಗತದ, ಅಷ್ಟ. ಒಂದ ಒಲಿ ಮ್ಯಾಲ ಉಣ್ಣಾವ್ರು ನೀವು. ನಾಳಿಂದ ಅಂವಾ ನಿನ್ನ ಮಾರಿ ಹೆಂಗ ನೋಡ್ಯಾನ?" ಮತ್ತೆ ಅಂದರು, "ಕಣ್ಣ ಹೋದ ಮ್ಯಾಲೂ ಮಿಸ್ತ್ರಿ ಅನ್ನಿಸ್ಕೊಂಡು ಕುಂತಿದ್ದೆ. ತಪ್ಪ ಅದು."

ಒಳಗೆ ಹೋಗಿ ಅವರು ಬರೆಸಿದ್ದು ಬಾಗಿಲಾಚೆ ನನಗೆ ಕೇಳಿಸಿತು. "ನಂಬರ ಮೀಚ್ ವಾಚಲಾ, ಸಾಹೇಬ." ನಂಬರು ಓದಿದ್ದು ತಾವೇ ಎಂದು. ನಾನು ಎದ್ದು ಒಳಗೆ ಹೋಗಲಿಲ್ಲ. ಹೋಗಬಹುದಿತ್ತು. ನಾಲ್ಕು ಹೆಜ್ಜೆ.

ಅವರ ಲೈಸೆನ್ಸು ಹೋಯಿತು, ಅಂಗಡಿಗೆ ಬೀಗ ಬಿತ್ತು. ಮುಂದೊಮ್ಮೆ ನಾನು ಕೊಲ್ಹಾಪುರಕ್ಕೆ ಹೋದಾಗ ಮಿಸ್ತ್ರಿ ಚಪ್ಪಲಿ ಮಾಡುವವರ ಓಣಿಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ಚರ್ಮ ಕೊಯ್ಯುವ ರಾಂಪಿಗಳನ್ನು ಮಸೆಯುತ್ತಿದ್ದರು. ಅಲಗು ಹದವಾಯಿತೋ ಇಲ್ಲವೋ ಎಂದು ಬೆರಳಿನಿಂದಲೇ ನೋಡುವುದು. ಬೆರಳುಗಳ ತುಂಬ ಗಾಯ. ನನ್ನ ದನಿ ಗುರುತು ಹಿಡಿದು, "ಅಣ್ಣ ಆರಾಮ ಅದಾನೇನು?" ಎಂದು ಕೇಳಿದರು. ಆರಾಮ ಇದ್ದಾನೆ ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದುಬಂದೆ. ಆಮೇಲೆ ಆ ಓಣಿಗೆ ಕಾಲಿಡಲಿಲ್ಲ.

ಅಣ್ಣ ತೀರಿಹೋಗಿ ಮೂರು ವರ್ಷವಾಯಿತು. ಅವನು ಓದುವ ಭಯವಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು.

ಮಿಸ್ತ್ರಿ ಹೋದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಸಂತೆಗೆ ಹೋಗಿದ್ದ ಅಣ್ಣನೇ ಸುದ್ದಿ ತಂದ. ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕೂತಿದ್ದೆವು, ಅತ್ತಿಗೆ ಬಿಸಿರೊಟ್ಟಿ ಹಾಕುತ್ತಿದ್ದಳು.

"ಆ ಮಿಸ್ತ್ರಿ ಸತ್ನಂತ," ಎಂದ ಅಣ್ಣ. "ಮಾಡಿದ್ದ ಉಂಡ ಹೋದ. ನಂಬರ ಓದಾಕ ಬರದಾಂವ ನನ್ನ ಕಣ್ಣ ತಿಂದ. ಹೌದಲ್ಲೋ?"

ಉಳಿದೊಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದೆ.

"ಹೌದು," ಎಂದೆ.