ಕುದಿನೀರಿನ ಸಿಸ್ಟರ್ ಸಾಕಿದ ಗಿಡ

ಆಸ್ಪತ್ರೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಆಕೆ ಕುದಿನೀರಿನ ಸಿಸ್ಟರ್. ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ, ಬಟ್ಟಲುಗಳನ್ನೆಲ್ಲ ಹಬೆಯ ಪೆಟ್ಟಿಗೆಗೆ ಹಾಕಿ ಶುದ್ಧ ಮಾಡಿ ಕೊಡುವುದು ಆಕೆಯ ಕೆಲಸ. ಆ ಗೀಳು ಮನೆಗೂ ಬಂದಿತ್ತು. ಚಮಚ ಕುದಿಯಬೇಕು, ಕರವಸ್ತ್ರ ಕುದಿಯಬೇಕು. "ನಾನು ಸ್ವಲ್ಪ ಮೈಮರೆತು ಕೂತ್ರೆ ನನ್ನನ್ನೂ ಕುದಿಸಿ ಒಣಗಿಸ್ತಾಳೆ" ಎಂದು ಆಕೆಯ ಗಂಡ ಬಂದವರೆದುರೆಲ್ಲ ಹೇಳಿ ನಗುತ್ತಿದ್ದ. ಇಂಥ ಹೆಂಗಸಿನ ಕೈಯಿಂದಲೇ ಮುಂದೆ ಅಂಥ ತಪ್ಪು ಆಗಬೇಕಿತ್ತೆ ಎಂದು ಈಗಲೂ ನನಗೆ ಅನ್ನಿಸುತ್ತದೆ.

ಗಂಡ ಮೋಟರ್ ರಿಪೇರಿಯವನು. ಒಮ್ಮೆ ಊರಾಚೆಯ ಗುಡ್ಡದ ಕಲ್ಲುಕ್ವಾರಿಗೆ ಕೆಲಸಕ್ಕೆ ಹೋದವನು ಊಟದ ಚೀಲದಲ್ಲಿ ಒಂದು ಗಿಡ ತಂದಿದ್ದ. ಸಿಡಿಮದ್ದಿಗೆ ಉರುಳಿದ್ದ ಮರದ ಕೊಂಬೆಗೆ ಅಂಟಿಕೊಂಡಿದ್ದ ಆರ್ಕಿಡ್ ಅದು. ನಾಲ್ಕಾರು ಸಣಕಲು ಗೆಡ್ಡೆ, ತೊಗಲಿನಂಥ ಎಲೆ. ಮನೆಯ ಹಿಂದೆ ಹಸಿರು ಬಲೆಯ ಚಪ್ಪರದ ಕೆಳಗೆ ಆಕೆ ಆಗಲೇ ಹತ್ತಾರು ಆರ್ಕಿಡ್ ತೂಗುಹಾಕಿದ್ದಳು. ಇದನ್ನೂ ಒಂದು ಮರದ ತೊಗಟೆಗೆ ಕಟ್ಟಿ ತೂಗಿಬಿಟ್ಟಳು. ಹೂ ಬಿಟ್ಟಾಗ ಹೂಪ್ರದರ್ಶನಕ್ಕೆ ಒಯ್ದಳು. ಬಿಳಿ ಹೂವು, ಗಂಟಲಲ್ಲಿ ತುಸು ಹಸಿರು. ಆರ್ಕಿಡ್ ಸಂಘದ ಅಧ್ಯಕ್ಷರು, ಅಂದರೆ ಕನ್ನಡಕದಂಗಡಿ ಯಜಮಾನರು, ಭೂತಗನ್ನಡಿ ಹಿಡಿದು ನೋಡಿದರು, ಮತ್ತೆ ನೋಡಿದರು. ಆ ಗುಡ್ಡ ಬಿಟ್ಟರೆ ಬೇರೆಲ್ಲೂ ಯಾರೂ ಈ ಜಾತಿಯನ್ನು ಕಂಡಿರಲಿಲ್ಲ. ಗುಡ್ಡವಂತೂ ಅಷ್ಟರಲ್ಲಿ ಜಲ್ಲಿಯಾಗಿ ರಸ್ತೆ ಸೇರಿತ್ತು.

ಆ ವರ್ಷದ ಬಹುಮಾನದ ಕಪ್ ಆಕೆಗೇ ಬಂತು. ಮರುವರ್ಷವೂ ಬಂತು.

"ಸಿಸ್ಟರ್, ಇದನ್ನ ಕಾಯಿ ಕಟ್ಟಿಸಿ" ಎಂದು ಅಧ್ಯಕ್ಷರು ಪ್ರತಿ ವರ್ಷ ದುಂಬಾಲು ಬೀಳುತ್ತಿದ್ದರು. "ಒಂದು ಕಾಯೊಳಗೆ ಧೂಳಿನಷ್ಟು ಬೀಜ ಇರುತ್ತೆ. ಲ್ಯಾಬಲ್ಲಿ ಸಾವಿರ ಸಸಿ ಮಾಡಬಹುದು. ಒಂದೇ ಗಿಡ, ಒಂದೇ ಮನೆ. ನನಗೆ ಭಯ ಆಗುತ್ತಮ್ಮ."

"ಮಾಡೋಣ ಸಾರ್, ಮುಂದಿನ ವರ್ಷ" ಎನ್ನುತ್ತಿದ್ದಳು ಆಕೆ.

ಮಾಡದೇ ಇದ್ದುದಕ್ಕೆ ಕಾರಣ ಸಂಘದಲ್ಲಿ ನಮಗೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಪರಾಗ ಮುಟ್ಟಿಸಿದರೆ ಆರ್ಕಿಡ್ ಹೂವು ಒಂದೆರಡು ದಿನದಲ್ಲಿ ಕತ್ತು ಬಗ್ಗಿಸಿ ಬಾಡಿಬಿಡುತ್ತದೆ. ಮುಟ್ಟಿಸದೆ ಬಿಟ್ಟರೆ ವಾರಗಟ್ಟಲೆ ನಗುತ್ತಾ ನಿಲ್ಲುತ್ತದೆ. ಬಾಡಿದ ಹೂವಿಗೆ ಕಪ್ ಕೊಡುವವರು ಯಾರು? ಹಾಗಾಗಿ ಹೂ ಬಿಡುವ ಕಾಲದಲ್ಲಿ ಆಕೆ ಗಿಡಕ್ಕೆ ಸೊಳ್ಳೆಪರದೆ ಕಟ್ಟಿ, ಒಂದು ನೊಣವೂ ಹತ್ತಿರ ಸುಳಿಯದಂತೆ ಕಾಯುತ್ತಿದ್ದಳು. ಕಪ್‌ಗಳು ಒಂದೊಂದಾಗಿ ಬಂದು ಮುಂದಿನ ಕೋಣೆಯ ಗಾಜಿನ ಕಪಾಟು ತುಂಬಿದವು.

ಹೋದ ವರ್ಷ ಅಧ್ಯಕ್ಷರು ಪಟ್ಟು ಬಿಡಲಿಲ್ಲ. ಗೆದ್ದವರು ತಮ್ಮ ಗಿಡದ ತುಂಡನ್ನು ಸಭೆಯಲ್ಲೇ ಕೊಯ್ದು ನಾಲ್ಕು ಸದಸ್ಯರಿಗೆ ಹಂಚುವುದು ಸಂಘದ ಪದ್ಧತಿ. ಆಕೆ ಇಷ್ಟು ವರ್ಷ ಬೇರೆ ಯಾವುದೋ ಗಿಡದ ತುಂಡು ಕೊಟ್ಟು ಜಾರಿಕೊಂಡಿದ್ದಳು. ಈ ಸಲ ಎಲ್ಲರೆದುರು ಕೇಳಿದಾಗ, ಹೆಮ್ಮೆಯೋ ದಾಕ್ಷಿಣ್ಯವೋ, ಹೂಂ ಅಂದುಬಿಟ್ಟಳು.

ಮೇಜಿನ ಮೇಲೆ ಆಕೆಯದೇ ಬ್ಲೇಡು. ಅದೇ ಬ್ಲೇಡಿನಲ್ಲಿ ಆಗತಾನೆ ಇನ್ನೊಬ್ಬರ ನೇರಳೆ ಆರ್ಕಿಡ್ ಕೊಯ್ದಾಗಿತ್ತು. ಒಂದು ಗಿಡ ಕೊಯ್ದ ಬ್ಲೇಡನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸದೆ ಇನ್ನೊಂದಕ್ಕೆ ಹಾಕಬಾರದು; ರಸದಲ್ಲಿ ವೈರಸ್ ನಂಜು ಇದ್ದರೆ ಅದು ಬೆಂಕಿಗಲ್ಲದೆ ಸಾಯುವುದಿಲ್ಲ. ಆಕೆಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಆಕೆಯ ಗ್ಯಾಸ್ ಲೈಟರನ್ನು ಹಾಲ್‌ನ ಕಾವಲುಗಾರ ಬಾಗಿಲಲ್ಲೇ ಇಟ್ಟುಕೊಂಡಿದ್ದ. ಒಳಗೆ ಬೆಂಕಿ ಹಚ್ಚುವಂತಿಲ್ಲ. ಹೊರಗೆ ಹೋಗಿ ಬರೋಣವೆಂದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹತ್ತಿಗೆ ಸ್ಪಿರಿಟ್ ಹಾಕಿ ಬ್ಲೇಡು ಒರೆಸಿದಳು, ಸೂಜಿ ಚುಚ್ಚುವ ಮೊದಲು ತೋಳು ಒರೆಸುವಂತೆ. ಕೊಯ್ದಳು. ನಾಲ್ಕು ತುಂಡು ಅಧ್ಯಕ್ಷರದೂ ಸೇರಿ ನಾಲ್ಕು ಮನೆಗೆ ಹೋದವು, ತಾಯಿಗಿಡ ಆಕೆಯ ಜೊತೆ ಮನೆಗೆ ಬಂತು.

ಕೆಲವು ತಿಂಗಳ ಮೇಲೆ ಎಲೆಯ ಮೇಲೊಂದು ಕಪ್ಪು ಗೀರು ಕಾಣಿಸಿತು. ಬಿಸಿಲು ತಾಗಿರಬೇಕೆಂದು ಗಿಡವನ್ನು ನೆರಳಿಗೆ ಸರಿಸಿದಳು. ಗೀರು ಎರಡಾದವು. ಆಮೇಲೆ ಅಧ್ಯಕ್ಷರ ಫೋನ್ ಬಂತು.

"ಸಿಸ್ಟರ್, ನಿಮ್ಮ ಗಿಡದ ಎಲೆ ಹೇಗಿದೆ?"

"ಯಾಕೆ ಸಾರ್?"

"ನನ್ನದರಲ್ಲಿ ಕಪ್ಪು ಗೀರು ಬಿದ್ದಿದೆ. ಉಳಿದ ಮೂರೂ ಮನೆಯವರು ಅದೇ ಹೇಳ್ತಿದಾರೆ."

ಮರುದಿನ ಅವರು ನಾಲ್ಕೂ ತುಂಡುಗಳ ಎಲೆಗಳನ್ನೂ ಪರೀಕ್ಷೆಯ ಪಟ್ಟಿಗಳನ್ನೂ ತಂದರು. ಎಲೆ ಅರೆದ ರಸದಲ್ಲಿ ಅದ್ದಿದಾಗ ಒಂದು ಗೆರೆ ಮೂಡಿದರೆ ಗಿಡ ಚೆನ್ನಾಗಿದೆ, ಎರಡು ಮೂಡಿದರೆ ನಂಜು. ಅಡುಗೆಮನೆಯ ಕಟ್ಟೆಯ ಮೇಲೆ ಐದು ಲೋಟ, ಐದು ಪಟ್ಟಿ. ಮಗಳ ಬಸಿರು ತಿಳಿಯಲು ಕಾಯುವವರಂತೆ ಆಕೆ, ಗಂಡ, ಅಧ್ಯಕ್ಷರು ಮೂವರೂ ಬಗ್ಗಿ ನಿಂತರು. ಐದರಲ್ಲೂ ಎರಡು ಗೆರೆ ಮೂಡಿದವು.

"ಈ ನಂಜಿಗೆ ಔಷಧಿ ಇಲ್ಲ" ಎಂದರು ಅಧ್ಯಕ್ಷರು. "ತುಂಡುಗಳಂತೂ ಆಗಲೇ ಕೊಳೀತಿವೆ. ನಿಮ್ಮದರಲ್ಲೇ ಒಂದಿಷ್ಟು ಜೀವ ಇರೋದು. ಬೀಜಕ್ಕೆ ಇದು ದಾಟೋದು ಅಪರೂಪ, ಅದೊಂದೇ ದಾರಿ. ಇನ್ನೊಂದು ಹೂ ಬಿಟ್ಟರೆ..."

"ಸ್ಪಿರಿಟ್‌ನಲ್ಲಿ ಒರೆಸಿದೆ ಸಾರ್" ಎಂದಳು ಆಕೆ. "ನಾನು, ಸ್ಪಿರಿಟ್‌ನಲ್ಲಿ."

ಅಧ್ಯಕ್ಷರು ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿಟ್ಟರು.

ಗಿಡವನ್ನು ಬೇರೆಯವುಗಳಿಂದ ದೂರ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಅದನ್ನು ಮುಟ್ಟಿದ ಕೈ ತೊಳೆದು ತೊಳೆದು ಬೆರಳ ಸಂದಿ ಬಿರಿಯಿತು. ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರತೊಡಗಿದವು. ಬೆಳಗ್ಗೆ ಎದ್ದು ಕಿಟಕಿಯತ್ತ ನೋಡಲು ಇಬ್ಬರಿಗೂ ಭಯ. ಕೊನೆಗೆ ಮೂರೇ ಎಲೆ ಉಳಿದಾಗ ಗೆಡ್ಡೆಯ ತುದಿಯಿಂದ ಒಂದು ದಂಟು ಹೊರಟಿತು. ತುದಿಯಲ್ಲಿ ಒಂದೇ ಮೊಗ್ಗು.

ಅದು ಅರಳಿದ್ದು ಪ್ರದರ್ಶನದ ವಾರದಲ್ಲೇ. ಅಂಥ ಹೂವನ್ನು ಆ ಗಿಡ ಹಿಂದೆಂದೂ ಬಿಟ್ಟಿರಲಿಲ್ಲ. ಗಂಡ ಬಾಗಿಲಲ್ಲಿ ನಿಂತು ನೋಡಿದ. "ಕಪ್ ಗ್ಯಾರಂಟಿ ಕಣೆ" ಅಂದವನು ತಕ್ಷಣ ನಾಲಗೆ ಕಚ್ಚಿಕೊಂಡ.

ಆಕೆ ಕುದಿಸಿದ ಹಲ್ಲುಕಡ್ಡಿ ತೆಗೆದುಕೊಂಡಳು. ಹೂವಿನ ಮೂಗಿನ ತುದಿಯಿಂದ ಹಳದಿ ಪರಾಗದ ಉಂಡೆ ಬಿಡಿಸಿ, ಕೆಳಗಿನ ಅಂಟುಗುಳಿಗೆ ಒತ್ತಬೇಕು. ಒತ್ತಿದಳು. ಆ ದಿನವೆಲ್ಲ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಳು.

ಮರುದಿನ ಬೆಳಗ್ಗೆ ಹೂವು ಕತ್ತು ಬಗ್ಗಿಸಿತ್ತು.

"ಬಾಡಿದೆ ರೀ! ಬಾಡಿದೆ!" ಎಂದು ಕೂಗಿದಳು. ಗಂಡ ಓಡಿಬಂದ. ಆಕೆ ನಗುತ್ತಿದ್ದಳು, ಕಣ್ಣಲ್ಲಿ ನೀರು. ಅವನೂ ನಗಲು ಹೋದವನು ದಂಟಿನ ಹತ್ತಿರಕ್ಕೆ ಬಗ್ಗಿದ. ಬುಡದಲ್ಲಿ ಕಪ್ಪು ಗೆರೆಯೊಂದು ಮೇಲಕ್ಕೆ ಹೊರಟಿತ್ತು.

"ನೋಡಿದೀನಿ" ಎಂದಳು. "ಕಾಯಿ ಬಲಿಯೋಕೆ ಇನ್ನೂ ಎಷ್ಟೋ ತಿಂಗಳು ಬೇಕು."

"ಅಷ್ಟು ದಿನ ತಡೆಯುತ್ತಾ?"

ಆಕೆ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಏನು ಮಾಡಬೇಕೆಂದು ತೋಚದೆ ಗಂಡ ಬಟ್ಟೆ ತೆಗೆದುಕೊಂಡು ಮುಂದಿನ ಕೋಣೆಗೆ ಹೋದ. ಪ್ರದರ್ಶನದ ಹಿಂದಿನ ದಿನ ಕಪಾಟಿನ ಕಪ್‌ಗಳನ್ನು ಒರೆಸಿಡುವುದು ಅವನ ರೂಢಿ.

"ಅವನ್ನ ಒರೆಸಬೇಡಿ" ಎಂದಳು ಆಕೆ ಅಡುಗೆಮನೆಯಿಂದಲೇ. "ಅಷ್ಟೂ ನಾನು ಕಟ್ಟೋಕೆ ಬಿಡದ ಕಾಯಿಗಳು ರೀ."

ಅವನು ಬಟ್ಟೆ ಮಡಚಿಟ್ಟು ಬಂದು ಆಕೆಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡ.