ಶರಬತ್ತು ಬಳ್ಳಿಯ ಬೀಗರು

ಮೊನ್ನೆ ಪಕ್ಕದ ಮನೆಯವರು ಕೊಟ್ಟ ಶರಬತ್ತು ಹಣ್ಣೊಂದನ್ನು ಕತ್ತರಿಸಿದೆ. ಪೇಟೆಯಲ್ಲಿ ಈಗ ಅದನ್ನು ಪ್ಯಾಶನ್ ಫ್ರೂಟ್ ಎನ್ನುತ್ತಾರೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಸೂರಿನ ಅಡುಗೆಮನೆಯಲ್ಲಿದ್ದ ನಾನು ಕಾಶಿಯ ಬಂಗಾಲಿ ಟೋಲಾ ಎಂಬ ಕೇರಿಯ ಒಂದು ತಾರಸಿಗೆ ಹೋಗಿ ನಿಂತೆ. ಕಾಶಿ ಎಂದ ಕೂಡಲೇ ನೀವು ಗಂಗೆ, ಮೋಕ್ಷ ಎಂದೆಲ್ಲ ಯೋಚಿಸಬೇಡಿ. ಅಲ್ಲಿ ನಾನು ಗಳಿಸಿದ ಪುಣ್ಯವೆಂದರೆ ಒಂದು ಕನ್ಯಾದಾನ. ನಮಗೆ ಹೆಣ್ಣುಮಕ್ಕಳಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬ್ಯಾಂಕಿನವರು ನನ್ನನ್ನು ಕಾಶಿಯ ಗೋದೌಲಿಯಾ ಶಾಖೆಗೆ ವರ್ಗ ಮಾಡಿದ್ದರು. ಹಳೇ ಮನೆಯೊಂದರ ಮೇಲ್ಮಹಡಿಯಲ್ಲಿ ನಾನು, ನನ್ನ ಹೆಂಡತಿ ಸರೋಜ. ನಡುವಿನ ಮಹಡಿಯಲ್ಲಿ ಮನೆಯೊಡತಿ, ಓಣಿಗೆಲ್ಲ ಅವರು ಮಾತಾಜಿ. ಕೆಳಗೆ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ನರಸಿಂಹ ಭಟ್ಟರು. ಭಟ್ಟರ ಅಜ್ಜ ಹೊನ್ನಾವರದ ಕಡೆಯಿಂದ ಬಂದವರಂತೆ, ಮೊಮ್ಮಗನ ಕನ್ನಡ ಅರ್ಧ ಹಿಂದಿಯಾಗಿತ್ತು. ಊರ ಕನ್ನಡ ಕೇಳಬೇಕೆಂದು ಸಂಜೆ ನಮ್ಮಲ್ಲಿಗೆ ಬರುತ್ತಿದ್ದರು, ಬಂದ ಮೇಲೆ ತಾವೊಬ್ಬರೇ ಮಾತಾಡುತ್ತಿದ್ದರು.

ಒಮ್ಮೆ ಪುತ್ತೂರಿನಿಂದ ಬಂದ ನನ್ನ ಭಾವಮೈದ ಒಂದು ಹಳದಿ ಶರಬತ್ತು ಹಣ್ಣು ತಂದ. ಚೀಲ ತುಂಬ ಹೊರಟಿದ್ದವಂತೆ, ರೈಲಿನಲ್ಲಿ ಹೊತ್ತು ಹೋಗದೆ ಉಳಿದವನ್ನು ತಾನೇ ತಿಂದಿದ್ದ. ಸರೋಜ ಬೀಜ ಎಸೆಯಲು ಬಿಡಲಿಲ್ಲ. ತಿರುಳನ್ನು ಹುಳಿಬರಿಸಿ, ಬೀಜ ತೊಳೆದು, ನೆರಳಲ್ಲಿ ಆರಿಸಿ, ಚಹಾ ಕುಡಿದು ಬಿಸಾಡುವ ಮಣ್ಣಿನ ಕುಲ್ಹಡ್‌ಗಳ ತಳ ತೂತುಮಾಡಿ ಬಿತ್ತಿದೆವು. ಕುಲ್ಹಡ್ ಸಿಗಲೆಂದು ನಾನು ಕುಡಿದ ಚಹಾಕ್ಕೆ ಲೆಕ್ಕವಿಲ್ಲ. ಮೊಳಕೆಯೂ ಬರಲಿಲ್ಲ, ನನಗೆ ನಿದ್ದೆಯೂ ಬರಲಿಲ್ಲ. ನಾವು ಆಸೆ ಬಿಟ್ಟ ಮೇಲೆ ಮೊಳಕೆ ಬಂತು, ಅದರ ಹಿಂದೆಯೇ ಮಂಗಗಳು ಬಂದವು. ಒಂದೊಂದೇ ಸಸಿ ಕಿತ್ತು, ಬೇರು ತಿರುಗಿಸಿ ನೋಡಿ, ಒಪ್ಪಿಗೆಯಾಗದವರಂತೆ ಎಸೆದು ಹೋದವು. ಜಾಲರಿ ಮುಚ್ಚಿಟ್ಟಿದ್ದ ಎರಡು ಸಸಿ ಬದುಕಿಕೊಂಡವು.

ದೊಡ್ಡ ಕುಂಡಗಳಿಗೆ ಬದಲಾಯಿಸಿದ ಮೇಲೆ, ಮುಂದಿನ ವರ್ಷ ಆ ಎರಡೂ ತಾರಸಿಯ ಬಿದಿರು ಚಪ್ಪರವನ್ನೆಲ್ಲ ಆವರಿಸಿ, ಮಾತಾಜಿ ಸಂಡಿಗೆ ಒಣಗಿಸುವ ಜಾಗಕ್ಕೂ ನೆರಳು ಹಾಕಿದವು. ಹೂ ರಾಶಿ ರಾಶಿ ಬಿಟ್ಟವು, ಕಾಯಿ ಒಂದೂ ಇಲ್ಲ. ದೀಪಾವಳಿಯೊಳಗೆ ಒಂದು ಕಾಯಿಯಾದರೂ ತೋರಿಸಿ, ಇಲ್ಲದಿದ್ದರೆ ಬುಡಸಮೇತ ಕೀಳಿಸುತ್ತೇನೆ ಎಂದು ಮಾತಾಜಿ ಗಡುವು ಕೊಟ್ಟರು. ಸರೋಜಳಿಗೆ ಊಟ ಸೇರದಾಯಿತು. ಭಾವಮೈದನಿಗೆ ಫೋನ್ ಮಾಡಿದರೆ, ಒಂದು ಬಳ್ಳಿಯ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ನಾವೇ ಮುಟ್ಟಿಸಬೇಕು ಎಂದ. ಹೂ ಅರಳುವುದು ನಡು ಮಧ್ಯಾಹ್ನ. ಹಾಗಾಗಿ ನಾನು ಊಟದ ಬಿಡುವಿನಲ್ಲಿ ಸೈಕಲ್ ರಿಕ್ಷಾಗಳ ನಡುವೆ ನುಸುಳಿ ಓಡಿ ಬಂದು, ಟೈ ಹೆಗಲ ಮೇಲೆ ಹಾಕಿಕೊಂಡು, ಬಣ್ಣದ ಕುಂಚ ಹಿಡಿದು ಚಪ್ಪರದಡಿ ನಿಂತೆ.

ಮಾತಾಜಿ ಮೆಟ್ಟಿಲ ಹತ್ತಿರವೇ ನಿಂತು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಪರಾಗಸ್ಪರ್ಶಕ್ಕೆ ಹಿಂದಿ ಪದ ಹೊಳೆಯದೆ, ಶಾದಿ ಮಾಡಿಸುತ್ತಿದ್ದೇನೆ ಎಂದುಬಿಟ್ಟೆ. ಅವರು ಎರಡೂ ಬಳ್ಳಿಯನ್ನು ದಿಟ್ಟಿಸಿ ನೋಡಿದರು.

“ಎರಡೂ ಒಂದೇ ಹಣ್ಣಿನ ಬೀಜ ಅಲ್ಲವೇ? ಹಾಗಾದರೆ ಅಣ್ಣ-ತಂಗಿ. ನನ್ನ ಮನೆಯ ಮೇಲೆ ಈ ಅನಾಚಾರ ನಡೆಯುವುದಿಲ್ಲ.”

ಕುಂಚ ಕಸಿದುಕೊಂಡು ಕೆಳಗಿಳಿದರು. ನಾನೂ ಸರೋಜಳೂ ಭಟ್ಟರ ಮೊರೆ ಹೋದೆವು. ಭಟ್ಟರು ಕಣ್ಣುಮುಚ್ಚಿ ಯೋಚಿಸಿ, ಗಂಡು ಬಳ್ಳಿಯನ್ನು ತಾವು ದತ್ತು ತೆಗೆದುಕೊಳ್ಳುವುದಾಗಿಯೂ, ಆಗ ಗೋತ್ರ ಬದಲಾಗುವುದಾಗಿಯೂ ಮಾತಾಜಿಗೆ ತಿಳಿಸಿದರು. ದತ್ತು ಹೋದರೂ ಒಡಹುಟ್ಟು ಒಡಹುಟ್ಟೇ ಅಲ್ಲವೇ ಎಂದು ನಾನು ಅವರ ಕಿವಿಯಲ್ಲಿ ಕೇಳಿದೆ.

“ಬಳ್ಳಿಗೆ ಅಷ್ಟು ಶಾಸ್ತ್ರ ಮಾಲೂಮ್ ಇಲ್ಲ, ಸಾಹೇಬ್ರೆ. ನೀವು ಸುಮ್ಮನಿರಿ,” ಎಂದರು.

ಪ್ರತಿ ಹೂವಿನಲ್ಲೂ ಗಂಡು ಹೆಣ್ಣು ಎರಡೂ ಇರುತ್ತವೆ ಎಂಬುದನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ. ಮಾತಾಜಿ ಒಪ್ಪಿ ಕುಂಚ ಮರಳಿಸಿದರು. ಬುಡ ದಪ್ಪಗಿದ್ದದ್ದನ್ನು ವರನೆಂದು ತೀರ್ಮಾನಿಸಲಾಯಿತು. ಭಟ್ಟರು ಕುಂಡಕ್ಕೆ ಅಕ್ಷತೆ ಹಾಕಿ ಮಗನನ್ನು ಸ್ವೀಕರಿಸಿದರು. ಮರುದಿನ ಮಧ್ಯಾಹ್ನ ಮಂತ್ರ ಹೇಳಿದರು, ನಾನು ಕುಂಚ ಆಡಿಸಿದೆ, ಮಾತಾಜಿ ತಾವೇ ಜಿಲೇಬಿ ತರಿಸಿ ಹಂಚಿದರು. ಭಟ್ಟರು ಒಳಗೊಳಗೇ ನಗುತ್ತಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ವಾರ ಕಳೆಯುವಷ್ಟರಲ್ಲಿ ಹಸಿರು ಗೋಲಿಯಂಥ ಕಾಯಿಗಳು ಕಂಡವು. ಸರೋಜ ಮಾತಾಜಿಯನ್ನು ಕೈಹಿಡಿದು ಮೇಲೆ ಕರೆತಂದು ತೋರಿಸಿದಳು. ಬಳ್ಳಿ ಕೀಳಿಸುವ ಮಾತು ಅಲ್ಲಿಗೆ ನಿಂತಿತು.

ನಮಗೆ ಮೈಸೂರಿಗೆ ವರ್ಗವಾದಾಗ ಹೆಣ್ಣು ಬಳ್ಳಿಯನ್ನು ಮೊಟಕಾಗಿ ಕತ್ತರಿಸಿ ಕುಂಡದೊಡನೆ ಒಯ್ಯಲು ಹೊರಟೆ. ಮಾತಾಜಿ ಬಾಗಿಲಿಗೆ ಅಡ್ಡ ನಿಂತರು. ವರ ಭಟ್ಟರ ಮಗ, ಇಲ್ಲೇ ಇರುತ್ತಾನೆ. ಹಾಗಿರುವಾಗ ಮದುವೆಯಾದ ಹುಡುಗಿಯನ್ನು ತವರಿನವರು ಹೊತ್ತುಕೊಂಡು ಹೋಗುವುದೆಂದರೇನು ಎಂಬುದು ಅವರ ಪ್ರಶ್ನೆ. ನಾನು ಕುಂಡ ಕೆಳಗಿಟ್ಟೆ. ಸರೋಜ ಕುಂಡಕ್ಕೆ ಕುಂಕುಮವಿಟ್ಟು, ಸ್ಟೇಷನ್ನಿನವರೆಗೂ ರಿಕ್ಷಾದಲ್ಲಿ ಅತ್ತಳು. ನಾನು ಗಂಟುಮೂಟೆಗಳನ್ನು ಎರಡೆರಡು ಸಲ ಎಣಿಸಿದೆ.

ಮೊನ್ನೆ ಕತ್ತರಿಸಿದ ಆ ಹಣ್ಣನ್ನು ಹಾಗೇ ಬಿಟ್ಟು ಭಟ್ಟರಿಗೆ ಫೋನ್ ಮಾಡಿದೆ. ಮಾತನಾಡಿ ವರ್ಷಗಳೇ ಆಗಿದ್ದವು. ಮಾತಾಜಿ ಹೋಗಿಬಿಟ್ಟರಂತೆ, ಬಳ್ಳಿಗಳಿಗೂ ವಯಸ್ಸಾಗಿ ಒಣಗಿದವಂತೆ. ಒಮ್ಮೆ ನಮ್ಮಲ್ಲಿಗೆ ಬನ್ನಿ ಎಂದೆ.

“ಹೆಣ್ಣು ಕೊಟ್ಟವರು ಕರೀಲಿ ಅಂತ್ಲೇ ಇಷ್ಟು ವರ್ಷ ಕಾದದ್ದು, ಸಾಹೇಬ್ರೆ,” ಎಂದರು ಭಟ್ಟರು.

ಬರುವ ತಿಂಗಳು ಬರುತ್ತಾರೆ. ಸರೋಜ ಈಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಬೀಗರನ್ನು ಸ್ಟೇಷನ್ನಿನಿಂದ ಆಟೋದಲ್ಲಿ ಕರೆತಂದರೆ ಚೆನ್ನಾಗಿರುತ್ತದೆಯೇ, ಕಾರೇ ಮಾಡಬೇಕೇ ಎಂದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ.