ಮೂರಿಪ್ಪತ್ತರ ಮೇಲೆ ಹನ್ನೊಂದು

ನಮ್ಮ ಭಾಗದ ಕಾಲೇಜುಗಳಲ್ಲಿ ಭಾಷಾವಿಜ್ಞಾನವನ್ನು ಪಾಠಪಟ್ಟಿಯ ಆಚೆಗೂ ಬದುಕಿಸಿಕೊಂಡು ಬಂದ ಕೆಲವೇ ಅಧ್ಯಾಪಕರಲ್ಲಿ ಡಾ. ಗುರುಶಾಂತಮ್ಮ ನರೋಣಾ ಅವರು ಒಬ್ಬರು. ಕಪ್ಪು ಸಮುದ್ರದ ದಂಡೆಯ ಜಾರ್ಜಿಯನ್ ಭಾಷೆಯನ್ನೂ ಗಂಗೆಯ ಬಯಲಿನ ಭೋಜಪುರಿಯನ್ನೂ ಎದುರುಬದುರು ಇಟ್ಟು ಇಪ್ಪತ್ತೈದು ವರ್ಷ ನೋಡಿದವರು ನಮ್ಮಲ್ಲಿ ಅವರೊಬ್ಬರೇ. ಇವೆರಡಕ್ಕೂ ರಕ್ತಸಂಬಂಧವಿಲ್ಲ ಎಂಬುದನ್ನು ಪ್ರತಿ ಉಪನ್ಯಾಸದ ಮೊದಲಿಗೇ ಅವರು ಹೇಳಿಬಿಡುತ್ತಿದ್ದರು. ಹೋಲಿಕೆ ಸಿಕ್ಕಾಗ ಹಿಗ್ಗಬಾರದು, ಅಂಜಬೇಕು ಎಂಬುದು ಅವರ ಪಾಠ. ಆ ಅಂಜಿಕೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ನರೋಣಾದಲ್ಲಿ ಹುಟ್ಟಿ, ಆಳಂದದಲ್ಲಿ ಓದಿ, ಹೈದರಾಬಾದಿಗೆ ಹೋದ ಅವರಿಗೆ ಅಲ್ಲಿ ರಷ್ಯನ್ ಕಲಿಸಲು ಬಂದಿದ್ದ ಜಾರ್ಜಿಯಾದ ಹೆಣ್ಣುಮಗಳೊಬ್ಬರು ತಮ್ಮ ತಾಯ್ನುಡಿಯನ್ನೂ ಕಲಿಸಿದರು. ೧೯೭೧ರಲ್ಲಿ ಅಫಜಲಪುರದ ಕಾಲೇಜಿಗೆ ಬಂದ ಮೇಲೆ ಭೋಜಪುರಿ ತಾನಾಗಿಯೇ ಎದುರಾಯಿತು. ಮಣ್ಣೂರಿನ ಹತ್ತಿರ ಭೀಮಾ ನದಿಗೆ ಸೇತುವೆ ಕಟ್ಟಲು ಬಿಹಾರದ ಕಡೆಯ ಕೂಲಿಗಳು ಬಂದು, ನದಿ ನಡುವಿನ ದಿಬ್ಬದ ಮೇಲೆ ಗುಡಿಸಲು ಹಾಕಿದ್ದರು. ಪ್ರತಿ ಶನಿವಾರ ಗುರುಶಾಂತಮ್ಮನವರು ಚೀಟಿಗಳ ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಒಂದು ಮಾತಿಗೆ ಒಂದು ಚೀಟಿ: ಎಡಕ್ಕೆ ಜಾರ್ಜಿಯನ್, ಬಲಕ್ಕೆ ಭೋಜಪುರಿ.

ಅವರ ಕಣ್ಣು ಮೊದಲು ಬಿದ್ದದ್ದು ಎಣಿಕೆಯ ಮೇಲೆ. ಜಾರ್ಜಿಯನ್ನಿನಲ್ಲಿ ಇಪ್ಪತ್ತೇ ಅಳತೆ. ನಲವತ್ತು ಎಂದರೆ ಎರಡಿಪ್ಪತ್ತು, ಅರವತ್ತು ಎಂದರೆ ಮೂರಿಪ್ಪತ್ತು. ಕೂಲಿಗಳ ಮುಕಾದಮ ರಾಮಧಾರಿಯೂ ಹಾಗೆಯೇ ಎಣಿಸುತ್ತಿದ್ದ. ಇಪ್ಪತ್ತು ಜನ ಮುಂದೆ ಹಾದರೆ ಒಂದು 'ಕೋರಿ', ಹೆಗಲ ಮೇಲಿನ ಪಂಚೆಗೆ ಒಂದು ಗಂಟು.

ಇಂಥ ಒಂದು ಶನಿವಾರ ಅವರು ಕಲ್ಲು ಹೊರುವ ಫೂಲಮತಿಗೆ, ನಿನಗೆ ಮಕ್ಕಳೆಷ್ಟು ಎಂದು ಕೇಳಿದರು. ಎಂಟು ವರ್ಷದಲ್ಲಿ ಸಂತೆಯ ಕನ್ನಡ ಕಲಿತಿದ್ದ ಫೂಲಮತಿ ನಕ್ಕಳು.

"ಕುರಿ ಎಣಸ್ರಿ ಬಾಯಿ, ಕೂಸು ಎಣಸಬ್ಯಾಡ್ರಿ. ನಜರ್ ಆಗ್ತದ."

ಗುರುಶಾಂತಮ್ಮನವರಿಗೂ ಕೆಟ್ಟ ದೃಷ್ಟಿಯ ಈ ಭಯ ಹೊಸದಲ್ಲ. ಬುಟ್ಟಿಯ ರೊಟ್ಟಿಯನ್ನೂ ತೊಟ್ಟಿಲ ಕೂಸನ್ನೂ ಎಣಿಸಬಾರದೆಂದು ನರೋಣಾದ ಅವರ ತಾಯಿಯೂ ಹೇಳುತ್ತಿದ್ದರು. ಚೀಟಿಯ ಬಲಭಾಗವನ್ನು ಖಾಲಿ ಬಿಟ್ಟು ಪೆಟ್ಟಿಗೆಯಲ್ಲಿ ಇಟ್ಟರು.

ಎಂಬತ್ತರ ದಶಕದ ಆರಂಭದ ಒಂದು ಭಾದ್ರಪದದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಗುರುಶಾಂತಮ್ಮನವರು ದಂಡೆ ಮುಟ್ಟುವಷ್ಟರಲ್ಲಿ ದಿಬ್ಬದ ಅರ್ಧ ಮುಳುಗಿತ್ತು. ದೋಣಿಯ ಖುರ್ಷಿದ ಮಧ್ಯಾಹ್ನದಿಂದ ಜನರನ್ನು ದಾಟಿಸುತ್ತಿದ್ದ. ಇಳಿದವರನ್ನು ರಾಮಧಾರಿ ಎಣಿಸುತ್ತಿದ್ದ. ಎಣಿಸಿದ ಗಂಡಸರನ್ನು ಟ್ರ್ಯಾಕ್ಟರು ಊರಿಗೆ ಒಯ್ಯುತ್ತಿತ್ತು. ಕೊನೆಯ ದೋಣಿ ಬಂದಾಗ ಪಂಚೆಯಲ್ಲಿ ಮೂರು ಗಂಟು, ಮೇಲೆ ಹನ್ನೊಂದು ಜನ. ಗುತ್ತೇದಾರರ ಗುಮಾಸ್ತ ದೌಲತರಾಯ ತನ್ನ ಪಟ್ಟಿ ನೋಡಿದ. ಅಲ್ಲೂ ಎಪ್ಪತ್ತೊಂದು.

ಜಾರ್ಜಿಯನ್ನಿನಲ್ಲೂ ಎಪ್ಪತ್ತೊಂದಕ್ಕೆ ಮೂರಿಪ್ಪತ್ತರ ಮೇಲೆ ಹನ್ನೊಂದು ಎಂದೇ ಹೇಳುವುದು. ಆ ನೀರಿನ ಎದುರಿಗೇ ಅವರು ಚೀಟಿ ತೆಗೆದು ಎಡಕ್ಕೂ ಬಲಕ್ಕೂ ಬರೆದರು. ಒಂದು ಗಳಿಗೆ ಹಿಗ್ಗಿದರು. ಚೀಟಿಯನ್ನು ಪೆಟ್ಟಿಗೆಗೆ ಸೇರಿಸುವಾಗ ಬೆರಳಿಗೆ ಸಿಕ್ಕದ್ದು ಫೂಲಮತಿಯ ಮಕ್ಕಳ ಎಣಿಕೆಗೆ ಖಾಲಿ ಬಿಟ್ಟಿದ್ದ ಅದೇ ಚೀಟಿ.

ಹಿಗ್ಗು ಅಲ್ಲೇ ಸತ್ತಿತು ಎಂದು ಅವರು ಮುಂದೆ ಒಮ್ಮೆ ಮಾತ್ರ ಹೇಳಿದ್ದುಂಟು.

"ದೌಲತರಾಯರ, ಇದರಾಗ ಕೂಸುಗಳು ಅವೇನ್ರಿ?"

"ಕೂಲಿ ಪಟ್ಟಿ ಅದರಿ ಇದು. ಹಿಸಾಬ ಬರೋಬ್ಬರಿ ಆತು. ಏ ಖುರ್ಷಿದ, ದೋಣಿ ಕಟ್ಟು."

ರಾಮಧಾರಿ ಪಂಚೆಯ ಗಂಟುಗಳನ್ನು ಮತ್ತೆ ಮುಟ್ಟಿ ನೋಡಿದ. ಅವನ ಗಂಟಿನಲ್ಲೂ ಮಕ್ಕಳಿರಲಿಲ್ಲ, ಕೂಸುಗಳನ್ನು ಎಣಿಸುವಂತೆಯೂ ಇರಲಿಲ್ಲ. ಎಷ್ಟು ಮಕ್ಕಳು ಎಂದರೆ ಈಗಲೂ ಯಾವ ತಾಯಿಯೂ ಬಾಯಿ ಬಿಡಲಿಲ್ಲ. ಮುಳುಗುವ ಹೊತ್ತಿನಲ್ಲಿ ಎಣಿಸಿ ನಜರ್ ತಗಲಿಸುವ ಧೈರ್ಯ ಯಾರಿಗಿದೆ? ಗುರುಶಾಂತಮ್ಮನವರು ಪ್ರಶ್ನೆಯನ್ನೇ ಬದಲಿಸಿದರು.

"ಎಷ್ಟಂತ ಹೇಳಬ್ಯಾಡ್ರವ್ವಾ. ಹೆಸರು ಹಿಡದು ಕರೀರಿ."

ಹೆಂಗಸರು ಒಬ್ಬೊಬ್ಬರಾಗಿ ಕರೆದರು. ಬೆನ್ನ ಹಿಂದಿನಿಂದ, ಸೆರಗಿನಿಂದ, ಪಾತ್ರೆಗಳ ಮರೆಯಿಂದ ಮಕ್ಕಳು ಓಗೊಟ್ಟವು. ಫೂಲಮತಿ ಸಲಿಕೆ-ಬುಟ್ಟಿಗಳ ಜೊತೆ ಮೊದಲ ದೋಣಿಗೇ ಬಂದವಳು. ಮಕ್ಕಳು ಗಂಡನ ಕೂಡ ಟ್ರ್ಯಾಕ್ಟರಿನಲ್ಲಿ ಹೋಗಿವೆ ಎಂದು ನಂಬಿದ್ದಳು. ಕರೆಯಬೇಕಲ್ಲ ಎಂದು ಕರೆದಳು.

"ಮುನಿಯಾ. ಬಚನೂ."

ಯಾರೂ ಓಗೊಡಲಿಲ್ಲ. ಊರಿನಿಂದ ತಿರುಗಿ ಬಂದ ಟ್ರ್ಯಾಕ್ಟರಿನಿಂದ ಗಂಡ ಬರಿಗೈಯಲ್ಲಿ ಇಳಿದು, "ನಿನ್ನ ಹತ್ರ ಇಲ್ಲೇನು?" ಎಂದ.

ಖುರ್ಷಿದ ನೀರನ್ನೇ ನೋಡುತ್ತ ನಿಂತ. "ಈಗ ಹ್ವಾದ್ರ ತಿರುಗಿ ಬರೂದು ಅಲ್ಲಾನ ಕೈಯಾಗ ಅದರಿ."

ಈಜು ಬಾರದ ಗುರುಶಾಂತಮ್ಮನವರು ಸೀರೆ ಬಿಗಿದು ದೋಣಿಯಲ್ಲಿ ಕುಳಿತರು.

"ಬರ್ರಿ, ಆದ್ರ ಪೆಟಗಿ ಇಟ್ಟು ಬರ್ರಿ," ಎಂದ ಖುರ್ಷಿದ. "ಇಷ್ಟು ಭಾಷಾ ಹೊರೂ ದೋಣಿ ಅಲ್ಲ ಇದು."

ಹತ್ತು ವರ್ಷದ ಚೀಟಿಗಳನ್ನು ದಂಡೆಯ ಕೆಸರಿನಲ್ಲಿ ಬಿಟ್ಟು ಹೋದರು. ದಿಬ್ಬದ ಮೇಲೆ ಸಿಮೆಂಟು ಚೀಲ ಇಡುವ ಕೋಠಿಯೊಳಗೆ ನೀರು ಮೊಣಕಾಲಿಗಿತ್ತು. ಚೀಲಗಳ ಒಟ್ಟಿಲಿನ ತುದಿಯಲ್ಲಿ ಮುನಿಯಾ ತಮ್ಮನ ಬಾಯಿಗೆ ಕೈ ಒತ್ತಿ ಕುಳಿತಿದ್ದಳು. ಅತ್ತರೆ ನದಿಗೆ ಕೇಳಿಸುತ್ತದೆ ಎಂದು. ಇಬ್ಬರೂ ಬದುಕಿದರು.

ಪೆಟ್ಟಿಗೆಯೂ ಸಿಕ್ಕಿತು, ಅರ್ಧ ಚೀಟಿ ಅಳಿಸಿತ್ತು. ಅದರ ಬಗ್ಗೆ ಅವರು ಮರುಗಲಿಲ್ಲ. ಎರಡು ಲೆಕ್ಕಗಳು ಒಂದಕ್ಕೊಂದು ಒಪ್ಪಿದ್ದಕ್ಕೆ ತಾವು ನೀರಿನ ಮುಂದೆ ನಿಂತು ಹಿಗ್ಗಿದ ಆ ಒಂದು ಗಳಿಗೆಯ ಭಯ ಮಾತ್ರ ಅವರನ್ನು ಬಿಡಲಿಲ್ಲ. ಮುಂದೆ ಜೇವರ್ಗಿಯಲ್ಲೂ ಆಳಂದದಲ್ಲೂ ಅವರು ಹಾಜರಿಯನ್ನು ಸಂಖ್ಯೆಯಿಂದ ಕೂಗಿದ್ದನ್ನು ಯಾರೂ ಕೇಳಿಲ್ಲ. ತರಗತಿ ಎಷ್ಟೇ ದೊಡ್ಡದಿರಲಿ, ಹೆಸರು ಹಿಡಿದೇ ಕರೆದರು. ಓಗೊಡದವರ ಮನೆಗೆ ಸಂಜೆ ಹೋಗಿ ಬಂದರು.

೧೯೯೩ರಲ್ಲಿ ಜೇವರ್ಗಿಯಲ್ಲಿ ಅವರ ವಿದ್ಯಾರ್ಥಿನಿಯೊಬ್ಬಳ ಗಂಡ ತೀರಿಕೊಂಡರು. ಬಂದವರೆಲ್ಲ, ಮದುವೆಯಾಗಿ ಎಷ್ಟು ತಿಂಗಳಾಗಿತ್ತು ಎಂದು ಕೇಳಿದರು. ಗುರುಶಾಂತಮ್ಮನವರು, "ಅವರ ಹೆಸರೇನವ್ವಾ?" ಎಂದು ಕೇಳಿದರು. ಗಂಡನ ಹೆಸರು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಅವಳು ಹೇಳಿದಳು. ಮರುದಿನ ಅವರು ಚೀಟಿಗಳ ಪೆಟ್ಟಿಗೆ ತಂದು ಅವಳ ಮುಂದಿಟ್ಟು, ಅಳಿಸಿದ್ದನ್ನು ತಿರುಗಿ ಬರೆಯಲು ಕೂಡಿಸಿದರು. ಈ ಲೇಖನ ಬರೆದವಳು ಅವಳೇ.

ಈ ತಿಂಗಳು ಅವರು ಆಳಂದದ ಕಾಲೇಜಿನಿಂದ ನಿವೃತ್ತರಾಗುತ್ತಿದ್ದಾರೆ. ಎರಡು ಭಾಷೆಗಳ ಆ ಪುಸ್ತಕ ಇನ್ನೂ ಮುಗಿದಿಲ್ಲ. ಅದನ್ನು ಅವರು ನಿಧಾನವಾಗಿ, ಅಂಜುತ್ತಲೇ ಮುಗಿಸಲಿ. ಇಂಥ ಹೊತ್ತಿನಲ್ಲಿ ನೂರು ವರ್ಷ ಬಾಳಲಿ ಎನ್ನುವುದು ರೂಢಿ. ಅವರ ಶಿಷ್ಯರಾದ ನಮಗೆ ಎಣಿಸಲು ಭಯ. ಆಯುಷ್ಯದ ಚೀಟಿಯನ್ನು ಖಾಲಿ ಬಿಟ್ಟು, ಅವರ ಹೆಸರನ್ನಷ್ಟೇ ಕರೆಯುತ್ತಿದ್ದೇವೆ. ಅವರು ಓಗೊಡುತ್ತಿರಲಿ.